ಯಾರ ಖಾತೆಗೆ ಯಾವ ಕಾಡು

ಸರಕು ಒಂದು ದೇಶದಲ್ಲಿ ಹುಟ್ಟಿ, ಎರಡನೆಯ ದೇಶದಲ್ಲಿ ರೂಪ ಬದಲಿಸಿ, ಮೂರನೆಯದರಲ್ಲಿ ಬಳಕೆಯಾಗುತ್ತದೆ. ಹುಟ್ಟಿದ ಜಾಗದಲ್ಲಿ ಕಾಡು ಹೋಗಿದ್ದರೆ, ಹೊಳೆ ಕೆಟ್ಟಿದ್ದರೆ, ಒಂದು ಪ್ರಾಣಿಯ ನೆಲೆ ಅಳಿದಿದ್ದರೆ, ಆ ನಷ್ಟವನ್ನು ಸರಕಿನ ಜಾಡು ಹಿಡಿದು ಬಳಸಿದವರ ತನಕ ತಂದು ಎಣಿಸುವುದು ಹೇಗೆ? ಈ ಕೆಲಸಕ್ಕೆ ಎರಡು ವಿದ್ಯೆ ಬೇಕು. ಒಂದು ಸರಕಿನ ಲೆಕ್ಕ ಬಲ್ಲದ್ದು, ಇನ್ನೊಂದು ಜೀವಿಗಳನ್ನು ಬಲ್ಲದ್ದು. ಈ ಸಂವಾದದಲ್ಲಿ ಒಬ್ಬರು ಲೆಕ್ಕಿಗರು, ಇನ್ನೊಬ್ಬರು ಜೀವವಿಜ್ಞಾನಿ.

ಜೀವವಿಜ್ಞಾನಿ: ಕಾಡು ಕಡಿದದ್ದು ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ, ಕಡಿಸಿದ ಬೇಡಿಕೆ ಕಾಣುವುದಿಲ್ಲ. ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆ 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು 10 ಲಕ್ಷ ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ. ನೆಲ ಮತ್ತು ಕಡಲಿನ ಬಳಕೆ ಬದಲಾದದ್ದು, ನೇರ ಬೇಟೆ–ಮೀನುಗಾರಿಕೆ–ಕಡಿತ, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಹರಡುವ ಜೀವಿಗಳು ಎಂದು ಐದು ನೇರ ಕಾರಣಗಳನ್ನು ಅದು ಹೆಸರಿಸಿತು. ನೆಲದ ಬಳಕೆ ತನ್ನಷ್ಟಕ್ಕೆ ಬದಲಾಗುವುದಿಲ್ಲ, ಕೊಳ್ಳುವವರು ಇದ್ದಾರೆಂದು ಬದಲಾಗುತ್ತದೆ. ಆ ಕೊಳ್ಳುವವರು ಎಲ್ಲಿದ್ದಾರೆ ಎಂದು ಹೇಳಲು ನಮ್ಮ ವಿದ್ಯೆಗೆ ಆಗುವುದಿಲ್ಲ.

ಲೆಕ್ಕಿಗರು: ಅದು ನಮ್ಮ ವಿದ್ಯೆಯ ಕೆಲಸ ಮೇಡಂ. ರಷ್ಯಾ ಮೂಲದ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಫ್ ಅಮೆರಿಕದ ಉದ್ಯಮಗಳ ಮೊದಲ ಹೂಡುವಳಿ–ಹುಟ್ಟುವಳಿ ಪಟ್ಟಿಯನ್ನು 1936ರಲ್ಲಿ ಪ್ರಕಟಿಸಿದರು. ಇದೇ ಕೆಲಸಕ್ಕೆ 1973ರಲ್ಲಿ ನೊಬೆಲ್ ಬಂತು. ಒಂದು ಉದ್ಯಮ ಮಿಕ್ಕ ಪ್ರತಿಯೊಂದು ಉದ್ಯಮದಿಂದ ಎಷ್ಟು ಕೊಂಡಿತು ಎಂಬುದು ಅಡ್ಡಸಾಲು–ಉದ್ದಸಾಲುಗಳಲ್ಲಿ ಇರುತ್ತದೆ. ಒಂದು ಟನ್ ಉಕ್ಕಿಗೆ ಇಷ್ಟು ಅದಿರು, ಇಷ್ಟು ಕಲ್ಲಿದ್ದಲು, ಇಷ್ಟು ವಿದ್ಯುತ್. ಆ ವಿದ್ಯುತ್ತಿಗೆ ಮತ್ತೆ ಕಲ್ಲಿದ್ದಲು, ಕಲ್ಲಿದ್ದಲು ತೆಗೆಯುವ ಯಂತ್ರಕ್ಕೆ ಮತ್ತೆ ಉಕ್ಕು. ಮುಗಿಯದಂತೆ ಕಾಣುವ ಈ ಸರಣಿಯನ್ನು ಒಂದೇ ಗಣಿತದ ಹೆಜ್ಜೆಯಲ್ಲಿ ಕೂಡಿಸಬಹುದು ಎಂಬುದು ಅವರು ತೋರಿಸಿದ್ದು. ದೇಶಗಳ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದರೆ ಜಗತ್ತಿನ ಒಂದೇ ದೊಡ್ಡ ಪಟ್ಟಿ ಸಿಗುತ್ತದೆ. ಎಯೋರಾ, ಎಕ್ಸಿಯೋಬೇಸ್ ಎಂದು ಈಗ ಬಳಕೆಯಲ್ಲಿರುವವು ಇಂಥ ಪಟ್ಟಿಗಳೇ.

ಜೀವವಿಜ್ಞಾನಿ: ನಮ್ಮ ಕಡೆಯ ಸರಕಿನಲ್ಲಿ ಹೇಳಿದರೆ?

ಲೆಕ್ಕಿಗರು: ಬಳ್ಳಾರಿಯ ಅದಿರನ್ನೇ ತೆಗೆದುಕೊಳ್ಳಿ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸುವವರೆಗೆ ಲಾರಿಗಟ್ಟಲೆ ಅದಿರು ಬಂದರು ಸೇರಿ, ಬಹುಪಾಲು ಚೀನಾಕ್ಕೆ ಹೋಯಿತು. ಬಂದರಿನ ಕಾಗದದಲ್ಲಿ ಖರೀದಿದಾರ ಚೀನಾ. ಆದರೆ ಅಲ್ಲಿ ಅದು ಉಕ್ಕಾಯಿತು, ಉಕ್ಕು ಬಟ್ಟೆ ಒಗೆಯುವ ಯಂತ್ರವಾಯಿತು, ಯಂತ್ರ ಇನ್ನೆಲ್ಲಿಗೋ ಹಡಗು ಹತ್ತಿತು. ಬರೀ ಆಮದು–ರಫ್ತು ಅಂಕಿ ನೋಡಿದರೆ ಆ ಅದಿರು ಅಗೆದ ಸಂಡೂರಿನ ಗುಡ್ಡದ ಹೊಣೆ ಚೀನಾದ್ದು. ಜಾಗತಿಕ ಪಟ್ಟಿಯಲ್ಲಿ ನೋಡಿದರೆ ಅದು ಕಟ್ಟಕಡೆಯ ಬಳಕೆದಾರರಿಗೆಲ್ಲ ಹಂಚಿಹೋಗುತ್ತದೆ. ಚೀನಾದಲ್ಲೇ ಕಟ್ಟಡಕ್ಕೆ ಸೇರಿದ ಉಕ್ಕು ಚೀನಾದ ಖಾತೆಯಲ್ಲೇ ಉಳಿಯುತ್ತದೆ, ಮಿಕ್ಕದ್ದು ಮುಂದಕ್ಕೆ ಹೋಗುತ್ತದೆ.

ಜೀವವಿಜ್ಞಾನಿ: ಈ ಪಟ್ಟಿಗೆ ಜೀವಿಗಳನ್ನು ಜೋಡಿಸಿದ ಮೊದಲ ದೊಡ್ಡ ಪ್ರಯತ್ನ 2012ರದು. ಸಿಡ್ನಿ ವಿಶ್ವವಿದ್ಯಾಲಯದ ಮ್ಯಾನ್‌ಫ್ರೆಡ್ ಲೆನ್ಸನ್ ಮತ್ತು ಸಂಗಡಿಗರು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಿಂದ ಪ್ರಭೇದಗಳ ಅಪಾಯದ ಸುಮಾರು 25,000 ದಾಖಲೆಗಳನ್ನು ತೆಗೆದರು. ಅವನ್ನು 187 ದೇಶಗಳ 15,000ಕ್ಕೂ ಹೆಚ್ಚು ಸರಕುಗಳಿಗೆ ಜೋಡಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಧ್ಯ ಅಮೆರಿಕದ ಜೇಡಕೋತಿಗೆ ಅಪಾಯ ತಂದದ್ದು ಕಾಫಿ, ಕೋಕೋ ತೋಟ ಎಂದು ಕೆಂಪು ಪಟ್ಟಿ ಹೇಳಿದರೆ, ಆ ಕಾಫಿ ಯಾವ ದೇಶದ ಲೋಟ ಸೇರಿತೆಂದು ಇವರ ಲೆಕ್ಕ ಹೇಳುತ್ತಿತ್ತು. ಪ್ರಭೇದಗಳಿಗಿರುವ ಅಪಾಯಗಳಲ್ಲಿ ಶೇ 30ರಷ್ಟು ಅಂತರರಾಷ್ಟ್ರೀಯ ವ್ಯಾಪಾರದಿಂದ ಬಂದದ್ದು ಎಂಬುದು ಅವರ ಉತ್ತರ. ಇಂಡೊನೇಷ್ಯಾ, ಮಡಗಾಸ್ಕರ್, ಪಪುವಾ ನ್ಯೂಗಿನಿ ಅಪಾಯವನ್ನು ‘ರಫ್ತು’ ಮಾಡುವ ಸಾಲಿನಲ್ಲಿ ನಿಂತವು. ಅಮೆರಿಕ, ಜಪಾನ್, ಜರ್ಮನಿ ‘ಆಮದು’ ಮಾಡಿಕೊಳ್ಳುವ ಸಾಲಿನಲ್ಲಿ.

ಲೆಕ್ಕಿಗರು: ಶೇ 30 ಎಂದರೆ ದೊಡ್ಡ ಅಂಕಿ. ಅದನ್ನು ಎಷ್ಟು ನಂಬಬೇಕು?

ಜೀವವಿಜ್ಞಾನಿ: ಅದು ಯಾವುದರ ಶೇ 30 ಎಂದು ಮೊದಲು ಕೇಳಬೇಕು. ಅಲ್ಲಿ ಎಣಿಸಿದ್ದು ಅಪಾಯದ ದಾಖಲೆಗಳನ್ನು. ಒಂದು ಕಪ್ಪೆಗೆ ರಸ್ತೆ, ತೋಟ, ಕೀಟನಾಶಕ ಎಂದು ಮೂರು ಅಪಾಯ ದಾಖಲಾಗಿದ್ದರೆ, ಯಾವುದರ ಪಾಲು ಎಷ್ಟು ಎಂಬುದು ಅನೇಕ ಸಲ ಬರೆದಿರುವುದಿಲ್ಲ. ಲೆಕ್ಕ ಹಾಕುವವರು ಸಮಪಾಲು ಮಾಡುತ್ತಾರೆ. ಮೇಲಾಗಿ ಕೆಂಪು ಪಟ್ಟಿ ಪರಿಶೀಲಿಸಿರುವುದು ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಭೇದಗಳನ್ನು; ವಿಜ್ಞಾನ ಹೆಸರಿಟ್ಟಿರುವುದು ಸುಮಾರು 20 ಲಕ್ಷ. ಹಕ್ಕಿ, ಸಸ್ತನಿಗಳು ಬಹುತೇಕ ಪೂರ್ತಿ ಬಂದಿವೆ, ಕೀಟ ಮತ್ತು ಅಣಬೆ ಹೆಸರಿಗಷ್ಟೆ. ಹೀಗಿದ್ದೂ ಆ ಅಧ್ಯಯನದಿಂದ ಒಂದು ವಿಷಯ ಗಟ್ಟಿಯಾಯಿತು: ತನ್ನ ಗಡಿಯೊಳಗಿನ ಕಾಡು ಹೆಚ್ಚಿದೆ ಎಂದು ತೋರಿಸಿ ಯಾವ ದೇಶವೂ ತಪ್ಪಿಸಿಕೊಳ್ಳುವಂತಿಲ್ಲ.

ಲೆಕ್ಕಿಗರು: ಅಪಾಯ ಎಣಿಸುವ ಬದಲು ಸರಕು ಬೆಳೆದ ಎಕರೆಗಳನ್ನೇ ಎಣಿಸಬಹುದಲ್ಲ? ಎಕರೆಯ ಅಂಕಿ ಎಲ್ಲ ದೇಶದಲ್ಲೂ ಸಿಗುತ್ತದೆ.

ಜೀವವಿಜ್ಞಾನಿ: ಎರಡನೆಯ ದಾರಿ ಅದೇ, ಈಗ ಹೆಚ್ಚು ನಡೆಯುವುದೂ ಅದೇ. ಅದರ ಬುಡದಲ್ಲಿ ಒಂದು ಹಳೆಯ ಸೂತ್ರವಿದೆ. ಜಾಗ ದೊಡ್ಡದಾದಷ್ಟೂ ಪ್ರಭೇದಗಳು ಹೆಚ್ಚು, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ ಎಂದು ಸ್ವೀಡನ್ನಿನ ಓಲಾಫ್ ಅರೀನಿಯಸ್ 1921ರಲ್ಲಿ ಸೂತ್ರ ಬರೆದರು. ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಎಷ್ಟು ಬಿಸಿ ಮಾಡೀತು ಎಂದು 1896ರಲ್ಲೇ ಲೆಕ್ಕ ಹಾಕಿದ ಸ್ವಾಂಟೆ ಅರೀನಿಯಸ್ ಇವರ ತಂದೆ. ಇಂದಿನ ಎರಡು ದೊಡ್ಡ ಚಿಂತೆಗಳ ಗಣಿತ ಒಂದೇ ಮನೆಯಿಂದ ಬಂದಿದೆ! ಸೂತ್ರದ ಘಾತಾಂಕ 0.25 ಎಂದು ಇಟ್ಟುಕೊಂಡರೆ, ಕಾಡಿನ ಅರ್ಧ ಹೋದಾಗ ಪ್ರಭೇದಗಳಲ್ಲಿ ಶೇ 16ರಷ್ಟು ಹೋಗುತ್ತವೆ. ಹತ್ತರಲ್ಲಿ ಒಂಬತ್ತು ಪಾಲು ಹೋದಾಗ ಶೇ 44ರಷ್ಟು.

ಲೆಕ್ಕಿಗರು: ಅಂದರೆ ಮೊದಲು ಕಡಿದವರಿಗೆ ಕಡಿಮೆ ಹೊಣೆ, ಕೊನೆಯಲ್ಲಿ ಕಡಿದವರಿಗೆ ಹೆಚ್ಚು?

ಜೀವವಿಜ್ಞಾನಿ: ಸೂತ್ರವನ್ನು ಹಾಗೇ ಹಿಡಿದರೆ ಹೌದು. ಅದಕ್ಕೇ ಸರಾಸರಿ ತೆಗೆಯಬೇಕೋ, ಕೊನೆಯದಾಗಿ ಕಡಿದ ಅಂಚಿನ ತುಂಡಿನ ನಷ್ಟ ತೆಗೆಯಬೇಕೋ ಎಂಬ ಜಗಳ ಇನ್ನೂ ಇದೆ. ಸೂತ್ರಕ್ಕೆ ಇನ್ನೊಂದು ಕೊರತೆಯೂ ಇತ್ತು. ಕಾಡು ಬಿಟ್ಟರೆ ಮಿಕ್ಕದ್ದೆಲ್ಲ ಬರಡು ಎಂದು ಅದು ಭಾವಿಸುತ್ತದೆ. ತೋಟದಲ್ಲಿ, ಗದ್ದೆಯ ಬದುವಿನಲ್ಲಿ ಬದುಕುವ ಜೀವಿಗಳಿಗೂ ಅಂಕ ಕೊಡುವಂತೆ ಆಮೇಲೆ ತಿದ್ದಿದರು. ಭೂಮಿಯ ನೆಲವನ್ನು 800ಕ್ಕೂ ಹೆಚ್ಚು ಪರಿಸರ ವಲಯಗಳಾಗಿ ಹಂಚಿ, ಪ್ರತಿ ವಲಯದಲ್ಲಿ ಒಂದು ಚದರ ಮೀಟರ್ ಗದ್ದೆಗೆ ಇಷ್ಟು, ಹುಲ್ಲುಗಾವಲಿಗೆ ಇಷ್ಟು, ತೋಟಕ್ಕೆ ಇಷ್ಟು ನಷ್ಟ ಎಂಬ ಗುಣಕಗಳನ್ನು ಸಿದ್ಧಪಡಿಸಿದ್ದಾರೆ. ಡಚ್ಚರ ಗ್ಲೋಬಿಯೊ ಮಾದರಿ ಪ್ರಭೇದಗಳ ಸಂಖ್ಯೆಗಿಂತ ಅವುಗಳ ದಟ್ಟಣೆ ಎಷ್ಟು ಉಳಿದಿದೆ ಎಂದು ನೋಡುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸೂಚ್ಯಂಕ ಮೂಲ ಜೀವಿಸಮುದಾಯ ಎಷ್ಟು ಅಖಂಡವಾಗಿ ಉಳಿದಿದೆ ಎಂದು ಕೇಳುತ್ತದೆ. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ. ಇವುಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವವರೇ ಹೆಚ್ಚು ತಪ್ಪು ಮಾಡುವುದು.

ಲೆಕ್ಕಿಗರು: ಇಂಗಾಲಕ್ಕೆ ಈ ತಾಪತ್ರಯ ಇಲ್ಲವಲ್ಲ. ಟನ್ ಎಂದರೆ ಟನ್.

ಜೀವವಿಜ್ಞಾನಿ: ಒಂದು ಟನ್ ಇಂಗಾಲ ರಾಯಚೂರಿನಿಂದ ಹೊಮ್ಮಿದರೂ ರೋಮಿನಿಂದ ಹೊಮ್ಮಿದರೂ ಆಕಾಶಕ್ಕೆ ಒಂದೇ. ಜೀವಿಗಳ ವಿಷಯದಲ್ಲಿ ಜಾಗವೇ ಎಲ್ಲ. ನೀವು ಅದಿರು ಅಂದಿರಲ್ಲ, ಅದರಲ್ಲೇ ನೋಡಬಹುದು. ಇರಾನಿನ ಉಕ್ಕಿಗಾಗಿ ಎಂದು 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. 1979ರ ಕ್ರಾಂತಿಯ ನಂತರ ಇರಾನ್ ಕೊಳ್ಳಲಿಲ್ಲ, ಅದಿರು ಬೇರೆ ದೇಶಗಳ ಕಡೆ ತಿರುಗಿತು. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಗಣಿ ಇದ್ದದ್ದು ಶೋಲಾ ಕಾಡು, ಹುಲ್ಲುಗುಡ್ಡಗಳ ನಡುವೆ, ಭದ್ರೆಯ ತಲೆಯ ಮೇಲೆ. ಅಲ್ಲಿಯ ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 1987ರಲ್ಲಿ ಅದೇ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು, ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಇತ್ತ ಸಂಡೂರಿನ ಅದಿರು ಎಲೆ ಉದುರಿಸುವ ಒಣಕಾಡಿನದು. ಅಲ್ಲಿನ ನಷ್ಟ ಸಣ್ಣದು ಎಂದಲ್ಲ, ಬೇರೆ ಜೀವಿಗಳ ನಷ್ಟ. ಈಗ ನಿಮ್ಮ ಜಾಗತಿಕ ಪಟ್ಟಿಯಲ್ಲಿ ಈ ಎರಡು ಅದಿರಿಗೆ ಎಷ್ಟು ಸಾಲು ಇವೆ ಹೇಳಿ.

ಲೆಕ್ಕಿಗರು: ಒಂದೇ. ‘ಕಬ್ಬಿಣದ ಅದಿರು, ಭಾರತ’.

ಜೀವವಿಜ್ಞಾನಿ: ಆ ಒಂದು ಸಾಲಿನಲ್ಲಿ ಸಿಂಗಳೀಕವೂ ಸರಾಸರಿಯಾಯಿತು, ಸಂಡೂರಿನ ಕಾಡೂ ಸರಾಸರಿಯಾಯಿತು. ಕುದುರೆಮುಖದ ಅದಿರು ಕೊಂಡವರಿಗೆ ಹೊಣೆ ಇಳಿಯಿತು, ಸಂಡೂರಿನ ಅದಿರು ಕೊಂಡವರಿಗೆ ಏರಿತು. ಪಟ್ಟಿ ಸುಳ್ಳು ಹೇಳುವುದಿಲ್ಲ, ದೇಶದ ಹೆಸರು ಹೇಳಿ ಸುಮ್ಮನಾಗುತ್ತದೆ. ಡೇನಿಯಲ್ ಮೊರಾನ್ ಮತ್ತು ಕೆಯಿಚಿರೊ ಕನೆಮೊಟೊ 2017ರಲ್ಲಿ ಈ ಲೆಕ್ಕವನ್ನು ಪ್ರಭೇದಗಳು ವಾಸಿಸುವ ಭೂಪಟಗಳ ಮೇಲೆ ಹರಡಿ ತೋರಿಸಿದರು. ಅಮೆರಿಕದ ಬಳಕೆಯ ಗುರುತು ಅಮೆಜಾನಿನಲ್ಲಿ ಬೀಳುವುದು ಎಲ್ಲರೂ ಊಹಿಸಿದ್ದೇ. ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಅಷ್ಟು ದಟ್ಟವಾಗಿ ಬಿದ್ದದ್ದು ಹೊಸದು. ಆದರೂ ಅದು ಹಂಚಿದ ನಕ್ಷೆ. ಸರಕು ಅದೇ ಕಣಿವೆಯಿಂದ ಹೊರಟಿತು ಎಂಬ ಪುರಾವೆ ಅದರಲ್ಲಿಲ್ಲ.

ಲೆಕ್ಕಿಗರು: ಪುರಾವೆ ಬೇಕಾದರೆ ಕಾಗದಪತ್ರಕ್ಕೆ ಇಳಿಯಬೇಕು. ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ಮತ್ತು ಗ್ಲೋಬಲ್ ಕ್ಯಾನಪಿ ಸೇರಿ 2016ರಲ್ಲಿ ಆರಂಭಿಸಿದ ‘ಟ್ರೇಸ್’ ಯೋಜನೆ ಮಾಡಿದ್ದು ಅದನ್ನೇ. ಬ್ರೆಜಿಲ್ಲಿನಲ್ಲಿ 5,500ಕ್ಕೂ ಹೆಚ್ಚು ಸ್ಥಳೀಯ ಆಡಳಿತ ಘಟಕಗಳಿವೆ. ಸುಂಕದ ದಾಖಲೆ, ತೆರಿಗೆ ನೋಂದಣಿ, ಹಡಗಿನ ಬಿಲ್ಲು, ಗೋದಾಮು ಮತ್ತು ಎಣ್ಣೆ ಗಿರಣಿಗಳ ವಿಳಾಸ, ಇವನ್ನು ಕೂಡಿಸಿ ಯಾವ ಘಟಕದ ಸೋಯಾ ಯಾವ ವ್ಯಾಪಾರಿಯ ಮೂಲಕ ಯಾವ ದೇಶಕ್ಕೆ ಹೋಯಿತು ಎಂದು ಬಿಡಿಸಿದರು. ಹೊಲದ ತನಕ ಇಳಿಯಲಿಲ್ಲ, ಆದರೆ ಬ್ರೆಜಿಲ್ ಎಂಬ ಒಂದು ಸಾಲು ಸಾವಿರಾರು ಸಾಲಾಯಿತು.

ಜೀವವಿಜ್ಞಾನಿ: ಅದರ ಫಲ 2019ರ ಒಂದು ಅಧ್ಯಯನದಲ್ಲಿ ಸಿಕ್ಕಿತು. ಬ್ರೆಜಿಲ್ಲಿನ ಸೆರಾಡೊ ಸುಮಾರು 20 ಲಕ್ಷ ಚದರ ಕಿ.ಮೀ. ವಿಸ್ತಾರದ ಮರ–ಹುಲ್ಲಿನ ಬಯಲು. ಅರ್ಧದಷ್ಟು ಈಗಾಗಲೇ ಹೊಲ, ಹುಲ್ಲುಗಾವಲಾಗಿದೆ. ಅಲ್ಲಿ ಬೆಳೆಯುವ ಸೋಯಾದ ಅತಿ ದೊಡ್ಡ ಗಿರಾಕಿ ಚೀನಾ. ಒಟ್ಟು ಟನ್ನಿನಲ್ಲಿ ನೋಡಿದರೆ ಬೆರಳು ಚೀನಾದ ಕಡೆಗೇ ಹೋಗುತ್ತದೆ. ಒಂದೊಂದು ಪ್ರಾಣಿಯ ನೆಲೆಯನ್ನು ಬೇರೆಬೇರೆಯಾಗಿ ನೋಡಿದಾಗ ಚಿತ್ರ ತಿರುಗಿತು. ದೈತ್ಯ ಇರುವೆಬಾಕದ ಆಗಿನ ನೆಲೆನಷ್ಟದಲ್ಲಿ ಯುರೋಪ್ ಒಕ್ಕೂಟದ ಪಾತ್ರ ವಿಶೇಷವಾಗಿ ದೊಡ್ಡದಿತ್ತು, ಅದರ ಸೋಯಾ ಮಾಟೊ ಗ್ರಾಸೊ ರಾಜ್ಯದಿಂದ ಬರುತ್ತಿದ್ದ ಕಾರಣ. ಜಾಗ ಗೊತ್ತಾದರೆ ಹೊಣೆಗಾರರೇ ಬದಲಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಲೆಕ್ಕಿಗರು: ಒಂದು ಸಂಶಯ. ಇವತ್ತು ಸೋಯಾ ಬೆಳೆದ ಹೊಲವನ್ನು ನಿನ್ನೆ ಯಾರೋ ದನ ಮೇಯಿಸಲು ಕಡಿದಿದ್ದರೆ? ಕಾಡಿನ ನಷ್ಟ ಮಾಂಸದ ಖಾತೆಗೋ ಸೋಯಾದ ಖಾತೆಗೋ?

ಜೀವವಿಜ್ಞಾನಿ: ಬ್ರೆಜಿಲ್ಲಿನಲ್ಲಿ ಸಾಮಾನ್ಯವಾಗಿ ನಡೆಯುವುದೇ ಹಾಗೆ: ಮೊದಲು ಕೊಡಲಿ, ಆಮೇಲೆ ದನ, ಕೆಲವು ವರ್ಷದ ನಂತರ ಸೋಯಾ.

ಲೆಕ್ಕಿಗರು: ಹಾಗಾದರೆ ಸವಕಳಿ ಹಾಕಬೇಕು. ಕಡಿದ ವರ್ಷದ ನಷ್ಟವನ್ನು ಮುಂದಿನ ಐದೋ ಹತ್ತೋ ವರ್ಷದ ಬೆಳೆಗೆ ಹಂಚಬೇಕು. ಎಷ್ಟು ವರ್ಷ ಎಂಬುದನ್ನು ಪ್ರಕೃತಿ ಹೇಳುವುದಿಲ್ಲ, ಲೆಕ್ಕ ಬರೆಯುವವರು ಹೇಳುತ್ತಾರೆ. ಅವಧಿ ಬದಲಿಸಿದರೆ ಸಾಲಿನ ಮೊತ್ತ ಬದಲಾಗುತ್ತದೆ. ಈ ಆಯ್ಕೆಯನ್ನು ವರದಿಯ ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಬಚ್ಚಿಡದೆ ಮೊದಲ ಪುಟದಲ್ಲೇ ಬರೆಯಬೇಕು.

ಜೀವವಿಜ್ಞಾನಿ: ಅಲ್ಲಿ ಮತ್ತೊಂದು ತೊಡಕಿದೆ. ಅಮೆಜಾನಿನಲ್ಲಿ ಹೊಸದಾಗಿ ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಎಂದು ದೊಡ್ಡ ವ್ಯಾಪಾರಿಗಳು 2006ರಲ್ಲಿ ಒಪ್ಪಂದ ಮಾಡಿಕೊಂಡರು. ಅಮೆಜಾನಿನಲ್ಲಿ ಸೋಯಾಕ್ಕಾಗಿ ನೇರವಾಗಿ ಕಡಿಯುವುದು ತುಂಬಾ ಇಳಿಯಿತು. ಆದರೆ ಒಪ್ಪಂದದ ಗಡಿಯೊಳಗೆ ಸೆರಾಡೊ ಇರಲಿಲ್ಲ, ಅಲ್ಲಿ ಕಡಿತ ನಡೆದೇ ಇತ್ತು. ಒಪ್ಪಂದ ಪಾಲಿಸಿದ ಕಂಪನಿಯ ಅಮೆಜಾನ್ ಲೆಕ್ಕ ಶುದ್ಧ, ಆದರೂ ಸರಕು ಒಟ್ಟಿನಲ್ಲಿ ಕಾಡನ್ನು ತಿನ್ನುತ್ತಲೇ ಇತ್ತು. ಒಂದು ಕಂಪನಿಯ ಸರಪಳಿಯನ್ನು ಎಷ್ಟೇ ನಿಖರವಾಗಿ ಅಳೆದರೂ ಕಡಿತ ಹೀಗೆ ಬೇರೆ ಕಡೆಗೆ ಜರುಗುವುದು ಅದರಲ್ಲಿ ಕಾಣುವುದಿಲ್ಲ.

ಲೆಕ್ಕಿಗರು: ಕಾಡು ಬೋಳಾಯಿತೋ ಇಲ್ಲವೋ ಎಂದಾದರೂ ಉಪಗ್ರಹ ಹೇಳುತ್ತದೆ. ಬೋಳಾಗದೆಯೂ ಕೆಡುವ ಕಡೆ?

ಜೀವವಿಜ್ಞಾನಿ: ಅದಕ್ಕೆ ಕೊಡಗಿಗೇ ಬರಬೇಕು. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ದೇಶದ ಕಾಫಿಯ ಬಹುಭಾಗ ರಫ್ತಾಗುತ್ತದೆ, ಗಿರಾಕಿಗಳಲ್ಲಿ ಇಟಲಿ ಮುಂದು. ಇಲ್ಲಿಯ ಕಾಫಿ ಮರದ ನೆರಳಿನದು. ಹಲಸು, ಬಸರಿ, ನಂದಿ, ಹೊನ್ನೆ, ಬೀಟೆ ಹೀಗೆ ಹತ್ತಾರು ಜಾತಿಯ ಮರಗಳ ಕೆಳಗೆ ಗಿಡ. ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸಿದಾಗ ಕಾಫಿ ತೋಟ ಮುಂದಿತ್ತು. ಆದರೆ ಎಷ್ಟೋ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದಿದೆ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹದ, ಮರಗಸಿಯ ಖರ್ಚು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಕಡಿದು ಮಾರಲು ಅರಣ್ಯ ಇಲಾಖೆಯ ಬಾಗಿಲು ಕಾಯಬೇಕಿಲ್ಲ, ಬೀಟೆಗೆ ಕಾಯಬೇಕು. ಕಾಡುಮರ ಕಾಪಾಡಲು ಮಾಡಿದ ಕಾನೂನೇ ಕಾಡುಮರ ನೆಡದಂತೆ ಮಾಡಿದೆ.

ಲೆಕ್ಕಿಗರು: ಮೇಲಿನಿಂದ ನೋಡಿದರೆ ಎರಡೂ ಹಸಿರು.

ಜೀವವಿಜ್ಞಾನಿ: ಎರಡೂ ಹಸಿರೇ. ಇಲ್ಲಿ ಯುರೋಪಿನ ಅರಣ್ಯನಾಶ ಕಾನೂನು ಬರುತ್ತದೆ. 2023ರ ಈ ನಿಯಮ ದನ, ಕೋಕೋ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ ಎಂಬ ಏಳು ಸರಕುಗಳ ಮೇಲಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದ ಸರಕು ಯುರೋಪ್ ಒಕ್ಕೂಟದ ಮಾರುಕಟ್ಟೆಗೆ ಇಳಿಯಬಾರದು. ಬೆಳೆದ ತಾಕಿನ ಅಕ್ಷಾಂಶ–ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತಿನ ನಕ್ಷೆಯನ್ನೇ ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಆದರೂ ನಮ್ಮ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಇಳಿದಿದೆ. ಸರಕಿನ ಜತೆ ಹುಟ್ಟಿದ ಜಾಗವೂ ಬರಬೇಕು ಎಂದು ಇಷ್ಟು ದೊಡ್ಡ ಮಾರುಕಟ್ಟೆಯೊಂದು ಕೇಳಿದ್ದು ಒಳ್ಳೆಯದೇ. ಆದರೆ ಕಾನೂನು ನೋಡುವುದು ಕಾಡು ಹೊಲವಾಯಿತೇ ಎಂದು. ಕಾಫಿ ತೋಟ ಮೊದಲಿನಿಂದಲೂ ಕೃಷಿಭೂಮಿ. ಅದರೊಳಗೆ ನೂರು ಜಾತಿಯ ನೆರಳು ಹೋಗಿ ಒಂದು ಜಾತಿಯ ನೆರಳು ಬಂದರೆ ಅದರ ಲೆಕ್ಕದಲ್ಲಿ ಏನೂ ಆಗಲಿಲ್ಲ.

ಲೆಕ್ಕಿಗರು: ಇನ್ನೂ ವಿಚಿತ್ರವಿದೆ. ಕೊಡಗಿನ ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ, ಬ್ರಿಟಿಷರ ಕಾಲಕ್ಕೆ. ಯುರೋಪಿನ ಕಾನೂನಿನ ಪ್ರಕಾರ ಆ ಕಾಫಿಯ ಅರಣ್ಯನಾಶ ಸೊನ್ನೆ. ನೀವು ಹೇಳಿದ ಪರಿಸರ ವಲಯದ ಗುಣಕ ಹಾಕಿದರೆ, ಮೂಲ ಕಾಡಿಗೆ ಹೋಲಿಸಿ ಎಣಿಸುವುದರಿಂದ, ಘಟ್ಟದ ಪ್ರತಿ ಚದರ ಮೀಟರಿಗೂ ಭಾರಿ ನಷ್ಟ. ಒಂದೇ ಲೋಟ ಕಾಫಿಗೆ ಒಂದು ಪುಸ್ತಕದಲ್ಲಿ ಸೊನ್ನೆ, ಇನ್ನೊಂದರಲ್ಲಿ ಬೆಟ್ಟದಷ್ಟು.

ಜೀವವಿಜ್ಞಾನಿ: ಎರಡೂ ತಪ್ಪಲ್ಲ. ಒಂದು ಕೇಳುವುದು ‘ಇತ್ತೀಚೆಗೆ ಏನು ಹಾಳು ಮಾಡಿದಿರಿ’ ಎಂದು, ಇನ್ನೊಂದು ‘ಈ ನೆಲವನ್ನು ಹಿಡಿದಿಟ್ಟುಕೊಂಡದ್ದರಿಂದ ಏನು ಮರಳಿ ಬರಲಾರದೆ ಉಳಿದಿದೆ’ ಎಂದು. ಯುರೋಪು ತನ್ನ ಕಾಡುಗಳನ್ನು ಕಡಿದದ್ದು ಎಷ್ಟೋ ಶತಮಾನಗಳ ಹಿಂದೆ. 2020ರ ಗೆರೆ ಎಳೆದರೆ ಅದರ ಗೋಧಿ ಹೊಲಗಳ ಮೇಲೆ ಯಾರೂ ಬೆರಳು ತೋರುವಂತಿಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ಅಧಿಕಾರದ ಪ್ರಶ್ನೆ. ಪುರಾವೆ ಹೊರುವ ಭಾರವೂ ಅಷ್ಟೆ: ಎರಡು ಎಕರೆ ತೋಟದವರು ಮೊಬೈಲ್ ಹಿಡಿದು ಗುರುತು ಹಾಕಬೇಕು, ಆ ಖರ್ಚು ಕಾಫಿಯ ಬೆಲೆಗೆ ಸೇರುತ್ತದೆಂಬ ಖಾತರಿ ಇಲ್ಲ.

ಲೆಕ್ಕಿಗರು: ನಾವು ಮಾರುವುದನ್ನು ನೋಡಿದ್ದಾಯಿತು. ಕೊಳ್ಳುವುದೂ ಇದೆಯಲ್ಲ. ತಾಳೆ ಎಣ್ಣೆಯ ಆಮದಿನಲ್ಲಿ ಜಗತ್ತಿಗೆ ಭಾರತವೇ ಮೊದಲು. ಇತ್ತೀಚಿನ ವರ್ಷಗಳಲ್ಲಿ 75 ಲಕ್ಷದಿಂದ 1 ಕೋಟಿ ಟನ್ ನಡುವೆ, ಹೆಚ್ಚಿನದು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ಬಿಸ್ಕತ್ತು, ಸೋಪು, ಬೇಕರಿಯ ಖಾರ, ರಸ್ತೆ ಬದಿಯ ಬಜ್ಜಿಯ ಬಾಣಲೆ ಎಲ್ಲ ಕಡೆ ಇದೆ.

ಜೀವವಿಜ್ಞಾನಿ: ಆ ದೇಶಗಳಲ್ಲಿ ಒರಾಂಗುಟಾನ್, ಸುಮಾತ್ರದ ಹುಲಿ ಇವೆ. ತಾಳೆಯಿಂದ ಅಪಾಯಕ್ಕೆ ಸಿಕ್ಕ 193 ಪ್ರಭೇದಗಳನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ 2018ರ ವರದಿ ಹೇಳಿತು. ಆದರೆ ಅದೇ ವರದಿ ತಾಳೆಯನ್ನು ಬಹಿಷ್ಕರಿಸಿ ಎನ್ನಲಿಲ್ಲ. ಬೇರೆ ಎಣ್ಣೆಕಾಳುಗಳಿಂದ ಅಷ್ಟೇ ಎಣ್ಣೆ ತೆಗೆಯಲು ಒಂಬತ್ತು ಪಟ್ಟಿನವರೆಗೂ ನೆಲ ಬೇಕಾದೀತು ಎಂದಿತು. ಹೆಕ್ಟೇರಿಗೆ ನಷ್ಟ ಎಷ್ಟು ಎಂದರೆ ತಾಳೆ ಕೆಟ್ಟದ್ದು. ಲೀಟರಿಗೆ ನಷ್ಟ ಎಷ್ಟು ಎಂದರೆ ಸೋಯಾ ಅದರ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಭಾಗಾಕಾರದಲ್ಲಿ ಕೆಳಗೆ ಏನಿದೆ ಎಂದು ನೋಡದೆ ಯಾವ ಅಂಕಿಯನ್ನೂ ಹಿಡಿದುಕೊಳ್ಳಬಾರದು.

ಲೆಕ್ಕಿಗರು: ಪ್ರಮಾಣಪತ್ರದ ತಾಳೆ ಎಣ್ಣೆ ಸಿಗುತ್ತದಲ್ಲ, 2004ರಲ್ಲಿ ಹುಟ್ಟಿದ ದುಂಡುಮೇಜಿನ ಸಂಘಟನೆ ಕೊಡುವುದು. ಆದರೆ ಅದರಲ್ಲೂ ಬಗೆಗಳಿವೆ. ತೋಟದಿಂದ ಡಬ್ಬದ ತನಕ ಬೇರೆಯಾಗೇ ಇಟ್ಟ ಎಣ್ಣೆ ಒಂದು. ಪುಸ್ತಕದಲ್ಲಿ ಮಾತ್ರ ಬೇರೆಯಾಗಿರುವುದು ಇನ್ನೊಂದು. ಹಳ್ಳಿಯ ಡೇರಿಯಲ್ಲಿ ಎಲ್ಲರ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುವಂತೆ, ಗಿರಣಿಯಲ್ಲಿ ಪ್ರಮಾಣಿತ ಎಣ್ಣೆಯೂ ಇತರ ಎಣ್ಣೆಯೂ ಒಂದೇ ತೊಟ್ಟಿಗೆ ಬೀಳುತ್ತದೆ. ನೂರು ಟನ್ ಪ್ರಮಾಣಿತ ಒಳಗೆ ಹೋಗಿದ್ದರೆ ನೂರು ಟನ್ ಪ್ರಮಾಣಿತ ಎಂದು ಮಾರಬಹುದು. ಕೊಂಡವರ ಡಬ್ಬದಲ್ಲಿ ಯಾವುದಿದೆ ಎಂದು ಯಾರಿಗೂ ಗೊತ್ತಿಲ್ಲ. ಇದು ಮೋಸವಲ್ಲ, ಒಪ್ಪಿತ ಪದ್ಧತಿ. ಒಳ್ಳೆಯ ತೋಟಕ್ಕೆ ಹಣವೂ ಹೋಗುತ್ತದೆ. ಆದರೆ ಡಬ್ಬದಿಂದ ತೋಟಕ್ಕೆ ಹಿಂದಕ್ಕೆ ನಡೆಯುವ ದಾರಿ ಆ ತೊಟ್ಟಿಯಲ್ಲಿ ಮುಗಿಯುತ್ತದೆ.

ಜೀವವಿಜ್ಞಾನಿ: ವ್ಯಾಪಾರವನ್ನೇ ಎಲ್ಲಕ್ಕೂ ಹೊಣೆ ಮಾಡುವುದೂ ಸರಿಯಲ್ಲ. ಅಭಿಷೇಕ್ ಚೌಧರಿ ಮತ್ತು ಥಾಮಸ್ ಕಾಸ್ಟ್ನರ್ 2016ರಲ್ಲಿ ಕೃಷಿಭೂಮಿಯ ಲೆಕ್ಕ ಮಾಡಿದಾಗ ಪ್ರಭೇದ ನಷ್ಟದ ಶೇ 83 ಆಯಾ ದೇಶದೊಳಗಿನ ಬಳಕೆಗೆ, ಶೇ 17 ರಫ್ತಿಗೆ ಎಂದು ಬಂತು. ಲೆನ್ಸನ್ ತಂಡದ ಶೇ 30ಕ್ಕೂ ಇದಕ್ಕೂ ಜಗಳವಿಲ್ಲ. ಅಲ್ಲಿ ಎಲ್ಲ ಸರಕು, ಎಣಿಸಿದ್ದು ಅಪಾಯ. ಇಲ್ಲಿ ಕೃಷಿ ಮಾತ್ರ, ಎಣಿಸಿದ್ದು ನೆಲ. ಉಷ್ಣವಲಯದ ಅರಣ್ಯನಾಶದ ಬಗ್ಗೆ 2022ರಲ್ಲಿ ಬಂದ ಪರಾಮರ್ಶೆ ಇನ್ನೂ ಎಚ್ಚರ ಹೇಳುತ್ತದೆ: ಶೇ 90ರಿಂದ 99ರಷ್ಟು ನಾಶಕ್ಕೆ ಕೃಷಿಯೇ ಪ್ರೇರಣೆ, ಆದರೆ ಅದರಲ್ಲಿ ನಿಜವಾಗಿ ಬೆಳೆ ಅಥವಾ ಮೇವು ಬೆಳೆದ ನೆಲವಾದದ್ದು ಶೇ 45ರಿಂದ 65 ಮಾತ್ರ. ಮಿಕ್ಕದ್ದು ನೆಲ ಹಿಡಿದಿಡಲು ಕಡಿದದ್ದು, ಬೆಂಕಿ ಮಿತಿಮೀರಿದ್ದು, ಬೆಳೆ ಕೈಕೊಟ್ಟದ್ದು. ಸರಕೇ ಹುಟ್ಟದ ಆ ನಷ್ಟವನ್ನು ಯಾವ ಸರಪಳಿಗೆ ಕಟ್ಟುವುದು?

ಲೆಕ್ಕಿಗರು: ಸರಕಿಲ್ಲದಿದ್ದರೆ ರಸೀದಿ ಇಲ್ಲ, ರಸೀದಿ ಇಲ್ಲದಿದ್ದರೆ ನಮ್ಮ ಪುಸ್ತಕಕ್ಕೆ ಬರುವುದಿಲ್ಲ.

ಜೀವವಿಜ್ಞಾನಿ: ಬಾರದಿರುವುದು ಇನ್ನೂ ಇದೆ. ಸರಕಿನ ಜತೆ ಬರುವ ಜೀವಿಗಳು. ಪಾರ್ಥೇನಿಯಂ ಅಮೆರಿಕದ ಗೋಧಿಯೊಂದಿಗೆ ಬಂತೆಂದು ಹೇಳುತ್ತಾರೆ. ಲಂಟಾನ 19ನೇ ಶತಮಾನದಲ್ಲಿ ಅಂದದ ಗಿಡವಾಗಿ ಬಂದು ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲ ಮುಚ್ಚಿದೆ. ಹಡಗಿನ ಸಮತೋಲದ ನೀರಿನಲ್ಲಿ ಕಡಲಜೀವಿಗಳು ಬಂದರಿನಿಂದ ಬಂದರಿಗೆ ಹೋಗುತ್ತವೆ. ಅದಕ್ಕೊಂದು ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು, ಜಾರಿಗೆ ಬಂದದ್ದು 2017ರಲ್ಲಿ. ಲೆನ್ಸನ್ ತಂಡ ಈ ಬಗೆಯ ಅಪಾಯವನ್ನು ಲೆಕ್ಕದಿಂದ ಹೊರಗೇ ಇಟ್ಟಿತ್ತು, ಯಾವ ಸರಕಿಗೆ ಹಚ್ಚಬೇಕು ಎಂಬುದೇ ತೋಚದ ಅಪಾಯ ಇದು. ಹಾಗಾಗಿ ಇಂಥ ಲೆಕ್ಕಗಳ ಮೊತ್ತ ಬಹುತೇಕ ಕೆಳಮಟ್ಟದ ಅಂದಾಜು.

ಲೆಕ್ಕಿಗರು: ಈಗ ಕಂಪನಿಗಳೂ ಇದನ್ನು ಬರೆಯಬೇಕಂತೆ?

ಜೀವವಿಜ್ಞಾನಿ: 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿದ ಜೀವವೈವಿಧ್ಯದ 23 ಗುರಿಗಳಲ್ಲಿ ಹದಿನೈದನೆಯದು, ದೊಡ್ಡ ಕಂಪನಿಗಳು ತಮ್ಮ ಪೂರೈಕೆ ಸರಪಳಿಯಿಂದ ಜೀವವೈವಿಧ್ಯಕ್ಕಾಗುವ ಅಪಾಯವನ್ನು ಅಳೆದು ಬಹಿರಂಗಪಡಿಸುವಂತೆ ಸರ್ಕಾರಗಳು ಮಾಡಬೇಕು ಎನ್ನುತ್ತದೆ. 2023ರ ಸೆಪ್ಟೆಂಬರಿನಲ್ಲಿ ಒಂದು ಅಂತರರಾಷ್ಟ್ರೀಯ ಕಾರ್ಯಪಡೆ ಬರೆಯುವ ಮಾದರಿಯನ್ನೂ ಕೊಟ್ಟಿತು. ಅದರ ಮೊದಲ ಹೆಜ್ಜೆ ಜಾಗ ಗುರುತಿಸುವುದು.

ಲೆಕ್ಕಿಗರು: ಕಂಪನಿಗೆ ತನಗೆ ನೇರ ಮಾರಿದವರು ಗೊತ್ತು, ಅವರಿಗೆ ಮಾರಿದವರು ಗೊತ್ತಿರುವುದು ಅಪರೂಪ. ಜಾಗ ಗೊತ್ತಿಲ್ಲದ ಕಡೆ ಸಲಹೆಗಾರರು ದೇಶದ ಸರಾಸರಿ ತುಂಬುತ್ತಾರೆ, ವರದಿಯಲ್ಲಿ ಅದು ದಶಮಾಂಶದ ಎರಡು ಸ್ಥಾನದವರೆಗೆ ಅಚ್ಚಾಗುತ್ತದೆ. ಅಲ್ಲಿಗೆ ಮತ್ತೆ ‘ಅದಿರು, ಭಾರತ’. ಅಳೆದದ್ದೆಷ್ಟು, ತುಂಬಿದ್ದೆಷ್ಟು ಎಂದು ಎರಡು ಬೇರೆ ಕಾಲಂ ಇಲ್ಲದ ವರದಿಯನ್ನು ಲೆಕ್ಕಪರಿಶೋಧಕರು ಒಪ್ಪಬಾರದು.

ಜೀವವಿಜ್ಞಾನಿ: ನಮ್ಮಲ್ಲಿ ಸೆಬಿ ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ 2022–23ರಿಂದ ಸುಸ್ಥಿರತಾ ವರದಿಯನ್ನು ಕಡ್ಡಾಯ ಮಾಡಿದೆ. ಪರಿಸರಸೂಕ್ಷ್ಮ ಪ್ರದೇಶದ ಪ್ರಶ್ನೆಯೂ ಅದರಲ್ಲಿದೆ, ಆದರೆ ಅದು ಕಂಪನಿಯ ಸ್ವಂತ ಕಾರ್ಖಾನೆ, ಕಚೇರಿಗಳ ಬಗ್ಗೆ. ಬಿಸ್ಕತ್ತಿನ ಕಾರ್ಖಾನೆ ಎಲ್ಲಿದೆ ಎಂದು ಕೇಳುತ್ತದೆ, ಬಿಸ್ಕತ್ತಿಗೆ ಎಣ್ಣೆ ಕೊಟ್ಟ ತೋಟ ಎಲ್ಲಿದೆ ಎಂದು ಕೇಳುವುದಿಲ್ಲ.

ಲೆಕ್ಕಿಗರು: ಬಂದರಿನಲ್ಲೂ ಅದೇ ಮೇಡಂ. ಇಟಲಿಗೆ ಹೋಗುವ ಕಾಫಿಗೆ ನಾವು ತೋಟದ ಅಕ್ಷಾಂಶ ಹುಡುಕುತ್ತಿದ್ದೇವೆ. ನಮ್ಮ ಬಂದರಿಗೆ ಬಂದಿಳಿಯುವ ತಾಳೆ ಎಣ್ಣೆಯ ಆಮದು ಪತ್ರದಲ್ಲಿ ಮೂಲ ದೇಶದ ಹೆಸರು ಬರೆಯಬೇಕು, ಹಡಗು ಹೊರಟ ಬಂದರು ಬರೆಯಬೇಕು. ತೋಟ ಯಾವುದು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.